ಹೊಳಪು ಬಿಡಿ, ಮೈಕ್ರಾನ್ ಕೇಳಿ
ಓದುಗರ ಪ್ರಶ್ನೆ: ಈ ಸಲ ಲೋಹದ ಲೇಪನ

ಪ್ಲೇಟಿಂಗ್ ಬಗ್ಗೆ ಏನಾದರೂ ಕೇಳಿ ಎಂದಿದ್ದಕ್ಕೆ ಗೇಟಿನಿಂದ ಹಿಡಿದು ಬಳೆಯವರೆಗೆ ಪ್ರಶ್ನೆ ಬಂದಿವೆ. ಒಂದೇ ತರದವನ್ನು ಒಟ್ಟು ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು. ಓದುವ ಮೊದಲು ಒಂದು ಅಳತೆ ತಲೆಯಲ್ಲಿರಲಿ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಕೆಳಗೆ ಬರುವ ಜಗಳವೆಲ್ಲ ಹೆಚ್ಚುಕಮ್ಮಿ ಈ ಮೈಕ್ರಾನ್‌ಗಳದ್ದೇ.

ನಮ್ಮ ಮನೆ ಕಡಲಿಗೆ ಅರ್ಧ ಕಿಲೋಮೀಟರ್. ಗೇಟು, ಕಿಟಕಿ ಗ್ರಿಲ್ಲು ಎರಡೂ ತುಕ್ಕು ಹಿಡಿದು ಉದುರುತ್ತಿವೆ. ಹೊಸದು ಮಾಡಿಸಬೇಕು. ವೆಲ್ಡಿಂಗ್ ಅಂಗಡಿಯವರು "ಜಿಐ ಪೈಪ್ ಹಾಕಿಸಿ, ಜೀವಮಾನ ಇಡೀ ಏನೂ ಆಗಲ್ಲ" ಅನ್ನುತ್ತಾರೆ. ನಂಬಬಹುದಾ?
– ಕುಂದಾಪುರದ ಓದುಗರು

ಅರ್ಧ ನಂಬಬಹುದು. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಪದರ. ಅದು ಬರೀ ಮುಚ್ಚಳ ಅಲ್ಲ. ಸತು ಕಬ್ಬಿಣಕ್ಕಿಂತ ಬೇಗ ಸವೆಯುವ ಲೋಹ. ಎರಡೂ ಒಟ್ಟಿಗೆ ಒದ್ದೆಯಾದಾಗ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಅದಕ್ಕೇ ಸಣ್ಣ ಗೀರು ಬಿದ್ದರೂ ಅಲ್ಲಿ ಕೆಂಪು ತುಕ್ಕು ತಕ್ಷಣ ಬರುವುದಿಲ್ಲ, ಸುತ್ತಲಿನ ಸತು ಕಾಯುತ್ತಿರುತ್ತದೆ. ಪೇಂಟಿಗೆ ಈ ಗುಣ ಇಲ್ಲ.

ಆದರೆ ಸತು ಎಷ್ಟಿದೆ ಅನ್ನುವುದೇ ಪ್ರಶ್ನೆ. ಹಾಕುವ ದಾರಿ ಮುಖ್ಯವಾಗಿ ಎರಡು. ಒಂದು, ಕರೆಂಟ್ ಹರಿಸಿ ಹಾಕುವ ಜಿಂಕ್ ಪ್ಲೇಟಿಂಗ್. ನಟ್ಟು, ಬೋಲ್ಟು, ಬೀಗದ ಕೊಂಡಿಗೆಲ್ಲ ಇದೇ, ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ನೋಡಲು ನುಣುಪು, ಹೊಳಪು ಜಾಸ್ತಿ. ಇನ್ನೊಂದು ಹಾಟ್ ಡಿಪ್. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನ ತೊಟ್ಟಿಗೆ ಇಡೀ ವಸ್ತುವನ್ನೇ ಮುಳುಗಿಸುವುದು. ಇಲ್ಲಿ ಸತು ಮತ್ತು ಕಬ್ಬಿಣ ಗಡಿಯಲ್ಲಿ ಬೆರೆತು ಮಿಶ್ರಲೋಹದ ಪದರಗಳೇ ಹುಟ್ಟುತ್ತವೆ, ಹಾಗಾಗಿ ಸಿಪ್ಪೆ ಏಳುವುದು ಕಡಿಮೆ. 3ರಿಂದ 6 ಮಿಲಿಮೀಟರ್ ದಪ್ಪದ ಉಕ್ಕಿಗೆ ಸರಾಸರಿ 70 ಮೈಕ್ರಾನ್, ಅದಕ್ಕಿಂತ ದಪ್ಪದ್ದಕ್ಕೆ 85 ಮೈಕ್ರಾನ್ ಇರಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನೋಡಲು ಅಷ್ಟು ಚಂದ ಇರಲ್ಲ. ಬೂದುಬಣ್ಣ, ಅಲ್ಲಲ್ಲಿ ಗಂಟು.

ಈಗ ಲೆಕ್ಕ ಹಾಕಿ. ಉಪ್ಪುಗಾಳಿಯಲ್ಲಿ ಸತು ವರ್ಷಕ್ಕೆ 2ರಿಂದ 4 ಮೈಕ್ರಾನ್ ಸವೆಯಬಹುದು. ಅಲೆಯ ತುಂತುರು ನೇರ ಬಡಿಯುವ ಕಡೆ 8ರ ತನಕವೂ ಹೋಗುತ್ತದೆ. 8 ಮೈಕ್ರಾನ್ ಪ್ಲೇಟಿಂಗ್ ಎರಡು ಮೂರು ಮಳೆಗಾಲಕ್ಕೆ ಮುಗಿಯಿತು. 70 ಮೈಕ್ರಾನ್ ಇದ್ದರೆ ಇಪ್ಪತ್ತು ವರ್ಷದ ಮಾತು. ಎರಡನ್ನೂ ಅಂಗಡಿಯಲ್ಲಿ "ಜಿಐ" ಅಂತಲೇ ಕರೆಯುತ್ತಾರೆ, ತೊಂದರೆ ಅಲ್ಲೇ ಇರುವುದು. ಚಾವಣಿ ಶೀಟಿಗೂ ಇದೇ ಕಥೆ. 120 ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಶೀಟಿನ ಎರಡೂ ಮುಖ ಸೇರಿ 120 ಗ್ರಾಂ ಸತು, ಒಂದು ಮುಖಕ್ಕೆ ಎಂಟೂವರೆ ಮೈಕ್ರಾನ್ ಹತ್ತಿರ. 275 ಜಿಎಸ್‌ಎಂ ಆದರೆ 19 ಮೈಕ್ರಾನ್. ಬಿಲ್ಲಿನಲ್ಲಿ ಈ ಸಂಖ್ಯೆ ಬರೆಸಿಕೊಳ್ಳಿ.

ಇನ್ನೂ ದೊಡ್ಡ ಎಡವಟ್ಟು ವೆಲ್ಡಿಂಗ್‌ನದ್ದು. ಜಿಐ ಪೈಪ್ ತಂದು ಕತ್ತರಿಸಿ ಬೆಸುಗೆ ಹಾಕಿದ ಜಾಗದಲ್ಲೆಲ್ಲ ಸತು ಸುಟ್ಟು ಹೋಗಿರುತ್ತದೆ. ನಿಮ್ಮ ಹಳೇ ಗೇಟು ನೋಡಿ, ತುಕ್ಕು ಜಾಯಿಂಟಿನಲ್ಲೇ ಶುರುವಾಗಿರುತ್ತದೆ. (ಆ ಬಿಳಿ ಹೊಗೆ ಕುಡಿದರೆ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುವುದೂ ಉಂಟು.) ಸರಿಯಾದ ದಾರಿ ಎಂದರೆ ಸಾದಾ ಉಕ್ಕಿನಲ್ಲೇ ಗೇಟು ಪೂರ್ತಿ ಮಾಡಿಸಿ, ಆಮೇಲೆ ಹಾಟ್ ಡಿಪ್ ಮಾಡುವ ಕಡೆ ಕಳಿಸುವುದು. ಹಾಗೆ ಕಳಿಸುವಾಗ ಪೈಪಿನ ಎರಡೂ ತುದಿ ಮುಚ್ಚಿರಬಾರದು, ಗಾಳಿ ಆಡಲು ತೂತು ಇರಲೇಬೇಕು. ಒಳಗೆ ನೀರು ಸಿಕ್ಕಿಕೊಂಡರೆ 450 ಡಿಗ್ರಿಯಲ್ಲಿ ಆವಿಯಾಗಿ ಪೈಪು ಒಡೆಯುತ್ತದೆ, ಪಕ್ಕದಲ್ಲಿ ನಿಂತವರ ಮೇಲೆ ಸತು ಹಾರುತ್ತದೆ. ಇದೆಲ್ಲ ದುಬಾರಿ ಅನಿಸಿದರೆ ಜಿಐ ಪೈಪಿನಲ್ಲೇ ಮಾಡಿಸಿ, ಬೆಸುಗೆ ಜಾಗವನ್ನು ಚೆನ್ನಾಗಿ ಉಜ್ಜಿಸಿ ಜಿಂಕ್ ರಿಚ್ ಪೇಂಟ್ (ಸತುವಿನ ಪುಡಿ ತುಂಬಿದ ಪೇಂಟ್) ಎರಡು ಕೋಟು ಹೊಡೆಸಿ. ಸತುವಿನ ಮೇಲೆ ಮಾಮೂಲಿ ಎನಾಮಲ್ ಪೇಂಟ್ ನೇರವಾಗಿ ಬಳಿಯಬೇಡಿ, ಎರಡು ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಮೊದಲು ಎಚ್ ಪ್ರೈಮರ್ (etch primer, ಸತುವಿನ ಮೇಲೆ ಪೇಂಟ್ ಹಿಡಿಯುವಂತೆ ಮಾಡುವ ಮೊದಲ ಕೋಟು) ಕೇಳಿ.

ಬೈಕಿನ ಕ್ರ್ಯಾಶ್ ಗಾರ್ಡ್ ಕನ್ನಡಿ ತರ ಹೊಳೆಯುತ್ತಿತ್ತು. ಒಂದೇ ವರ್ಷಕ್ಕೆ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆ. ಕ್ರೋಮ್‌ಗೆ ತುಕ್ಕು ಹಿಡಿಯಲ್ಲ ಅಂತಾರಲ್ವಾ?
– ಮೈಸೂರಿನ ಓದುಗರು

ಕ್ರೋಮ್‌ಗೆ ಹಿಡಿದಿಲ್ಲ, ಅದರ ಕೆಳಗಿರುವ ಕಬ್ಬಿಣಕ್ಕೆ ಹಿಡಿದಿದೆ. ನೀವು ನೋಡುವ ನೀಲಿ ಛಾಯೆಯ ಹೊಳಪಿನಲ್ಲಿ ಕ್ರೋಮಿಯಂ ಇರುವುದು ಅರ್ಧ ಮೈಕ್ರಾನ್‌ಗಿಂತ ಕಡಿಮೆ. ಅದರ ಕೆಲಸ ಗೀರು ಬೀಳದಂತೆ, ಮಂಕಾಗದಂತೆ ನೋಡಿಕೊಳ್ಳುವುದು ಅಷ್ಟೇ. ತುಕ್ಕು ತಡೆಯುವ ಕೆಲಸ ಮಾಡುವುದು ಕೆಳಗಿನ ನಿಕ್ಕಲ್. ಅದು 20–30 ಮೈಕ್ರಾನ್ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ನಿಕ್ಕಲ್ ಬೆಲೆ ಜಾಸ್ತಿ, ಆದ್ದರಿಂದ ಅಗ್ಗದ ಮಾಲಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. 5 ಮೈಕ್ರಾನ್ ಹಾಕಿದರೂ ಹೊಳಪು ಅಷ್ಟೇ ಬರುತ್ತದೆ, ಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ಇಲ್ಲಿ ಸತುವಿನ ಲೆಕ್ಕ ಪೂರ್ತಿ ಉಲ್ಟಾ. ನಿಕ್ಕಲ್ ಕಬ್ಬಿಣಕ್ಕಿಂತ ನಿಧಾನ ಸವೆಯುವ ಲೋಹ. ಪದರದಲ್ಲಿ ಒಂದು ಸೂಜಿಮೊನೆಯಷ್ಟು ರಂಧ್ರ ಇದ್ದರೆ, ಬಲಿಯಾಗುವುದು ಕಬ್ಬಿಣ. ಅದೂ ಆ ಒಂದೇ ಬಿಂದುವಿನಲ್ಲಿ, ಆಳಕ್ಕೆ. ಒಳ್ಳೆಯ ವಾಹನ ಭಾಗಗಳಿಗೆ ಇದಕ್ಕೇ ಎರಡು ಬಗೆಯ ನಿಕ್ಕಲ್ ಹಾಕುತ್ತಾರೆ. ಕೆಳಗೆ ಗಂಧಕ ಇಲ್ಲದ ಮಂದ ನಿಕ್ಕಲ್, ಮೇಲೆ ಸ್ವಲ್ಪ ಗಂಧಕ ಸೇರಿದ ಹೊಳೆಯುವ ನಿಕ್ಕಲ್. ಸವೆತ ಕೆಳಗೆ ಇಳಿಯುವ ಬದಲು ಮೇಲಿನ ಪದರದಲ್ಲೇ ಅಡ್ಡಡ್ಡ ಹರಡುತ್ತದೆ. ಇದನ್ನು ಕಂಡುಹಿಡಿದವರ ಬುದ್ಧಿಗೆ ಮೆಚ್ಚಬೇಕು.

ನಿಮ್ಮ ಗಾರ್ಡಿಗೆ ಈಗ ಮಾಡುವುದು ಇಷ್ಟೇ. ಚುಕ್ಕೆಗಳನ್ನು ಮೆತ್ತಗೆ ಉಜ್ಜಿ ತೆಗೆದು ಮೇಣ ಹಚ್ಚಿ. ಮತ್ತೆ ಕ್ರೋಮ್ ಮಾಡಿಸುವುದಾದರೆ ಹಳೆಯದನ್ನು ಪೂರ್ತಿ ಕರಗಿಸಿ, ಬಫಿಂಗ್ ಮಾಡಿ, ಹೊಸದಾಗಿ ಹಾಕಬೇಕು. ಸಣ್ಣ ಗಾರ್ಡಿಗೆ ಆ ಖರ್ಚು ಲಾಭವಿಲ್ಲ. ಸೈಲೆನ್ಸರ್ ನೀಲಿಯಾಗಿದೆ ಎಂದು ಇನ್ನಿಬ್ಬರು ಕೇಳಿದ್ದಾರೆ. ಅದು ಬಿಸಿಯಿಂದ ಆದ ಬಣ್ಣ, ಪ್ಲೇಟಿಂಗ್ ಕೆಟ್ಟದ್ದಲ್ಲ.

ಡಿಪ್ಲೊಮಾ ಓದುತ್ತಿದ್ದೇನೆ. ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಎಷ್ಟು ಹೊತ್ತು ಇಟ್ಟರೆ ಎಷ್ಟು ದಪ್ಪ ಬರುತ್ತದೆ ಎಂದು ಮೊದಲೇ ಹೇಳಲು ಆಗುತ್ತಾ, ಅಥವಾ ಅನುಭವದ ಮೇಲೇ ಮಾಡುವುದಾ?
– ದಾವಣಗೆರೆಯ ವಿದ್ಯಾರ್ಥಿ

ಆಗುತ್ತದೆ, ಅದೂ ಬಹಳ ಸುಲಭವಾಗಿ. ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ್ದು 1800ರಲ್ಲಿ. ಐದೇ ವರ್ಷಕ್ಕೆ ಅವನ ಗೆಳೆಯ ಬ್ರುನ್ಯಾಟೆಲ್ಲಿ ಇಟಲಿಯಲ್ಲಿ ಬೆಳ್ಳಿಯ ಮೇಲೆ ಚಿನ್ನ ಕೂರಿಸಿದ. ಲೆಕ್ಕ ಕೊಟ್ಟಿದ್ದು ಮೈಕೆಲ್ ಫ್ಯಾರಡೆ, 1830ರ ದಶಕದಲ್ಲಿ. ಎಷ್ಟು ವಿದ್ಯುತ್ ಹರಿಯಿತೋ ಅಷ್ಟಕ್ಕೆ ಸರಿಯಾಗಿ ಲೋಹ ಕೂರುತ್ತದೆ ಎಂಬುದು ಅವನ ನಿಯಮದ ತಿರುಳು.

ನಿಕ್ಕಲ್ ತೆಗೆದುಕೊಳ್ಳಿ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.095 ಗ್ರಾಂ ಕೂರಬೇಕು. ನಿಮ್ಮ ಜಾಬ್, ಅಂದರೆ ಲೇಪನ ಹಾಕಬೇಕಾದ ವಸ್ತು, 10 ಸೆಂಟಿಮೀಟರ್ ಉದ್ದ ಅಗಲದ, ಒಂದೇ ಮುಖಕ್ಕೆ ಲೇಪನ ಬೇಕಾದ ತಗಡು, ಅಂದರೆ 100 ಚದರ ಸೆಂಟಿಮೀಟರ್ ಎಂದುಕೊಳ್ಳಿ. 4 ಆಂಪಿಯರ್ ಕೊಟ್ಟು 15 ನಿಮಿಷ ಬಿಟ್ಟರೆ ಒಂದು ಆಂಪಿಯರ್-ಗಂಟೆ ಆಯಿತು. ಕರೆಂಟಿನಲ್ಲಿ ನೂರಕ್ಕೆ 95 ಪಾಲು ಕೆಲಸಕ್ಕೆ ಬಂತು ಅಂದರೆ 1.04 ಗ್ರಾಂ. ನಿಕ್ಕಲ್ ಸಾಂದ್ರತೆ 8.9ರಿಂದ ಭಾಗಿಸಿ, ವಿಸ್ತೀರ್ಣದಿಂದ ಭಾಗಿಸಿ. 11.7 ಮೈಕ್ರಾನ್ ಬರುತ್ತದೆ. ಪೆನ್ನು ಹಿಡಿದು ನೀವೇ ಮಾಡಿ ನೋಡಿ.

ಆದರೆ ಇದು ಸರಾಸರಿ. ಕರೆಂಟು ಅಂಚಿಗೆ, ಮೂಲೆಗೆ, ಮೊನೆಗೆ ಜಾಸ್ತಿ ಓಡುತ್ತದೆ, ತೂತಿನ ಒಳಗೆ ಹೋಗುವುದೇ ಇಲ್ಲ ಅನ್ನಬಹುದು. ಸರಾಸರಿ 12 ಇದ್ದರೂ ಅಂಚಿನಲ್ಲಿ 25, ಸಂದಿಯಲ್ಲಿ 4 ಬಂದಿರಬಹುದು. ಅನುಭವ ಬೇಕಾಗುವುದು ಇಲ್ಲೇ. ಜಾಬನ್ನು ಜಿಗ್‌ಗೆ ಹೇಗೆ ನೇತುಹಾಕಬೇಕು, ಆನೋಡ್ ಎಲ್ಲಿಡಬೇಕು, ಯಾವುದನ್ನು ಬ್ಯಾರಲ್‌ನಲ್ಲಿ ಸುತ್ತಿಸಬೇಕು ಎಂಬುದೆಲ್ಲ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ.

ತೊಟ್ಟಿಯಲ್ಲಿ ಇರುವುದು ಏನು ಅಂತಲೂ ಕೇಳಿದ್ದೀರಿ. ನಿಕ್ಕಲ್‌ಗೆ ಇಂದಿಗೂ ಹೆಚ್ಚು ಬಳಕೆಯಾಗುವುದು 1916ರಲ್ಲಿ ಆಲಿವರ್ ವಾಟ್ಸ್ ಪ್ರಕಟಿಸಿದ ಪಾಕವೇ. ನಿಕ್ಕಲ್ ಸಲ್ಫೇಟ್, ನಿಕ್ಕಲ್ ಕ್ಲೋರೈಡ್, ಬೋರಿಕ್ ಆಮ್ಲ, 50–60 ಡಿಗ್ರಿ ಬಿಸಿ. ನೂರು ವರ್ಷ ದಾಟಿದೆ, ಹೊಳಪಿಗೆ ಸೇರಿಸುವ ಬ್ರೈಟ್ನರ್ ಬದಲಾಗಿದೆ, ಮೂಲ ಅದೇ.

ಪರೀಕ್ಷೆಗೆ ಬೇಕಿಲ್ಲದ, ಆದರೆ ಕೆಲಸಕ್ಕೆ ಬೇಕಾದ ಮಾತು ಒಂದಿದೆ. ಲೇಪನ ಸಿಪ್ಪೆ ಎದ್ದರೆ ಹತ್ತರಲ್ಲಿ ಎಂಟು ಸಲ ತಪ್ಪು ಪ್ಲೇಟಿಂಗ್ ತೊಟ್ಟಿಯಲ್ಲಿ ಇರುವುದಿಲ್ಲ, ಅದಕ್ಕೂ ಮೊದಲಿನ ತೊಳೆಯುವ ಸಾಲಿನಲ್ಲಿರುತ್ತದೆ. ಎಣ್ಣೆ ತೆಗೆದಾದ ಮೇಲೆ ಜಾಬನ್ನು ನೀರಿನಲ್ಲಿ ಅದ್ದಿ ಎತ್ತಿ. ನೀರು ಒಂದೇ ಹಾಳೆಯಂತೆ ಮೈಮೇಲೆ ನಿಂತರೆ ಶುದ್ಧ. ಒಡೆದು ಹನಿಹನಿಯಾದರೆ ಎಣ್ಣೆ ಇನ್ನೂ ಇದೆ. ಯಾವ ಯಂತ್ರವೂ ಬೇಡ ಇದಕ್ಕೆ.

ನಮ್ಮದು ಚಿಕ್ಕ ಫ್ಯಾಬ್ರಿಕೇಶನ್ ಘಟಕ. 12.9 ದರ್ಜೆಯ ಬೋಲ್ಟುಗಳಿಗೆ ಹೊರಗಡೆ ಜಿಂಕ್ ಪ್ಲೇಟಿಂಗ್ ಜಾಬ್ ವರ್ಕ್ ಮಾಡಿಸಿದೆವು. ಬಿಗಿಮಾಡಿದಾಗ ಸರಿಯಾಗೇ ಇತ್ತು. ಮಾರನೇ ದಿನ ಬೆಳಗ್ಗೆ ನಾಲ್ಕು ಬೋಲ್ಟಿನ ತಲೆ ಕೆಳಗೆ ಬಿದ್ದಿತ್ತು. ಬೋಲ್ಟ್ ಕೊಟ್ಟವರು ಪ್ಲೇಟಿಂಗ್‌ನವರ ತಪ್ಪು ಅನ್ನುತ್ತಾರೆ, ಅವರು ಬೋಲ್ಟಿನ ತಪ್ಪು ಅನ್ನುತ್ತಾರೆ.
– ಬೆಂಗಳೂರು, ಪೀಣ್ಯದ ಓದುಗರು

ತಡವಾಗಿ, ಯಾರೂ ಮುಟ್ಟದೇ ಇದ್ದಾಗ ತುಂಡಾಗಿದೆ ಅಂದಿರಲ್ಲ, ಅದೇ ಸುಳಿವು. ಇದು ಬಹುಪಾಲು ಹೈಡ್ರೋಜನ್ ಸೇರಿ ಉಕ್ಕು ಪೆಡಸಾಗುವ ತೊಂದರೆ.

ಆಗುವುದು ಹೀಗೆ. ತುಕ್ಕು ತೆಗೆಯಲು ಆಮ್ಲದಲ್ಲಿ ಅದ್ದುತ್ತಾರೆ, ಪಿಕ್ಲಿಂಗ್. ಅಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಆಮೇಲೆ ಪ್ಲೇಟಿಂಗ್ ಮಾಡುವಾಗಲೂ ಸತುವಿನ ಜೊತೆ ಸ್ವಲ್ಪ ಹೈಡ್ರೋಜನ್ ಬರುತ್ತದೆ. ಹೈಡ್ರೋಜನ್ ಪರಮಾಣು ಎಷ್ಟು ಚಿಕ್ಕದೆಂದರೆ ನೇರ ಉಕ್ಕಿನ ಒಳಗೇ ನುಸುಳುತ್ತದೆ. ಮೇಲೆ ಸತುವಿನ ಪದರ ಮುಚ್ಚಿದ ಮೇಲೆ ಹೊರಗೆ ಬರುವ ದಾರಿಯೂ ಕಷ್ಟ. ಬೋಲ್ಟನ್ನು ಬಿಗಿಮಾಡಿದಾಗ ಅದು ಎಳೆತ ಜಾಸ್ತಿ ಇರುವ ಕಡೆಗೆ, ಅಂದರೆ ತಲೆಯ ಬುಡಕ್ಕೆ ಅಥವಾ ಮೊದಲ ಎಳೆಗೆ (ಥ್ರೆಡ್), ನಿಧಾನವಾಗಿ ಸರಿದು ಸೇರುತ್ತದೆ. ಗಂಟೆಗಳ ಮೇಲೆ, ಕೆಲವು ಸಲ ದಿನಗಳ ಮೇಲೆ, ಟಕ್ ಎಂದು ತುಂಡು. ಮೆತ್ತಗಿನ ಉಕ್ಕಿಗೆ ಈ ಕಾಟ ಇಲ್ಲ, 8.8 ದರ್ಜೆಯ ಬೋಲ್ಟಿಗೆ ಸಾಮಾನ್ಯವಾಗಿ ಚಿಂತೆ ಬೇಡ (ದರ್ಜೆಯ ಸಂಖ್ಯೆ ಏರಿದಷ್ಟೂ ಉಕ್ಕು ಗಡಸು). 10.9ರಲ್ಲಿ ಹುಷಾರಾಗಿರಬೇಕು, 12.9 ಅಂದರೆ ಅಪಾಯವೇ.

ಇದು ಬರೀ ಸಣ್ಣ ಅಂಗಡಿಗಳ ಪಾಡು ಅಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲಂಡ್ ಬೇ ಸೇತುವೆಯ ಹೊಸ ಭಾಗದಲ್ಲಿ 2013ರ ಮಾರ್ಚ್‌ನಲ್ಲಿ ಸತು ಲೇಪಿಸಿದ 96 ದೊಡ್ಡ ಆಂಕರ್ ರಾಡ್‌ಗಳನ್ನು ಬಿಗಿಮಾಡಿದ್ದರು. ಕೆಲವೇ ದಿನಗಳಲ್ಲಿ 32 ತುಂಡಾದವು. ಅದಕ್ಕೂ ಹೈಡ್ರೋಜನ್ನೇ ಕಾರಣ ಎಂದು ತನಿಖೆ ಹೇಳಿತು. ರಾಡ್ ಕೂರಿಸಿದ್ದ ರಂಧ್ರಗಳಲ್ಲಿ ವರ್ಷಗಟ್ಟಲೆ ನೀರು ನಿಂತಿತ್ತು.

ಪರಿಹಾರ ಗೊತ್ತಿರುವುದೇ. ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ ಬೋಲ್ಟುಗಳನ್ನು 190ರಿಂದ 220 ಡಿಗ್ರಿಯ ಒಲೆಯಲ್ಲಿ ಬೇಯಿಸಬೇಕು. ಕಡಿಮೆ ಎಂದರೂ ನಾಲ್ಕು ಗಂಟೆ. ಗಡಸು ಹೆಚ್ಚಿದಷ್ಟೂ ಹೊತ್ತು ಹೆಚ್ಚು, ಕೆಲವಕ್ಕೆ ಒಂದು ದಿನವೇ ಬೇಕು. ಬೇಯಿಸಿದ ಮೇಲೆ ಪ್ಯಾಸಿವೇಶನ್ (ಸತುವಿನ ಮೇಲೆ ತೆಳು ರಕ್ಷಣಾ ಪದರ ಬರಿಸುವುದು) ಮಾಡಬೇಕು, ಮೊದಲಲ್ಲ. ಮೊದಲೇ ಮಾಡಿದರೆ ಆ ತೆಳು ಪದರ ಬಿಸಿಗೆ ಬಿರಿದು ತುಕ್ಕು ತಡೆಯುವ ಶಕ್ತಿ ಹೋಗುತ್ತದೆ. ಮಾರನೇ ದಿನ ಬೇಯಿಸಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಅಷ್ಟರಲ್ಲಿ ಒಳಗೆ ಸೂಕ್ಷ್ಮ ಬಿರುಕು ಬಿಟ್ಟಿದ್ದರೆ ಯಾವ ಒಲೆಯೂ ಅದನ್ನು ಮುಚ್ಚುವುದಿಲ್ಲ.

ತಪ್ಪು ಯಾರದ್ದು? ನಿಮ್ಮ ಪರ್ಚೇಸ್ ಆರ್ಡರ್ ತೆಗೆದು ನೋಡಿ. ಅದರಲ್ಲಿ "ಜಿಂಕ್ ಪ್ಲೇಟಿಂಗ್" ಎಂದಷ್ಟೇ ಬರೆದಿದ್ದರೆ, ದರ್ಜೆ 12.9 ಎಂದಾಗಲೀ ಬೇಕಿಂಗ್ ಬೇಕು ಎಂದಾಗಲೀ ಇಲ್ಲದಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಪಾಲು ನಿಮ್ಮದೇ. ಇನ್ನು ಮುಂದೆ ಇಷ್ಟು ಗಡಸು ಬೋಲ್ಟಿಗೆ ಕರೆಂಟ್ ಪ್ಲೇಟಿಂಗೇ ಬೇಡ ಅನ್ನುವುದು ನನ್ನ ಸಲಹೆ. ಜಿಂಕ್ ಫ್ಲೇಕ್ ಲೇಪನ ಮಾಡಿಸಿ. ಸತು ಮತ್ತು ಅಲ್ಯೂಮಿನಿಯಂ ಚೂರುಗಳಿರುವ ದ್ರಾವಣದಲ್ಲಿ ಅದ್ದಿ ಒಲೆಯಲ್ಲಿ ಗಟ್ಟಿ ಮಾಡುತ್ತಾರೆ. ಕರೆಂಟೂ ಇಲ್ಲ, ಹೈಡ್ರೋಜನ್ನೂ ಇಲ್ಲ. ತುಕ್ಕನ್ನು ಆಮ್ಲದ ಬದಲು ಸಣ್ಣ ಗುಂಡುಗಳನ್ನು ರಭಸದಿಂದ ಬಡಿಯುವ ಶಾಟ್ ಬ್ಲಾಸ್ಟಿಂಗ್‌ನಿಂದ ತೆಗೆಯಲು ಹೇಳಿ. ಉಳಿದಿರುವ ಬೋಲ್ಟುಗಳನ್ನು ಗುಜರಿಗೆ ಹಾಕಿ, "ಚೆನ್ನಾಗಿರುವುದನ್ನು ಆರಿಸಿಕೊಳ್ಳೋಣ" ಅನ್ನುವ ಆಸೆ ಬೇಡ.

ಜೆಸಿಬಿಯ ಹೈಡ್ರಾಲಿಕ್ ರಾಡಿಗೆ ಗೀರು ಬಿದ್ದು ಎಣ್ಣೆ ಸೋರುತ್ತಿದೆ. ಹೊಸ ರಾಡ್ ಹಾಕಬೇಕಾ, ಹಾರ್ಡ್ ಕ್ರೋಮ್ ಮಾಡಿಸಿದರೆ ಸಾಕಾ?
– ಸಿಂಧನೂರಿನ ಓದುಗರು

ರಾಡ್ ಬಾಗಿಲ್ಲದಿದ್ದರೆ ಹಾರ್ಡ್ ಕ್ರೋಮ್ ಸಾಕು. ಇದು ಬೈಕಿನ ಕ್ರೋಮ್ ಅಲ್ಲ. ಅಲ್ಲಿ ಅರ್ಧ ಮೈಕ್ರಾನ್ ಇದ್ದರೆ ಇಲ್ಲಿ 20ರಿಂದ ಶುರುವಾಗಿ, ಸವೆದ ಭಾಗ ತುಂಬಿಸಲು 250ರವರೆಗೂ ಹಾಕುತ್ತಾರೆ. ಅದೂ ನಿಕ್ಕಲ್ ಇಲ್ಲದೆ ನೇರ ಉಕ್ಕಿನ ಮೇಲೆ. ಗಡಸುತನ ವಿಕರ್ಸ್ ಅಳತೆಯಲ್ಲಿ 850ರಿಂದ 1000. ಫೈಲ್ ಆಡಿಸಿದರೂ ಜಾರುತ್ತದೆ. ಜೊತೆಗೆ ಘರ್ಷಣೆ ಕಡಿಮೆ, ಸೀಲು ಬೇಗ ಸವೆಯುವುದಿಲ್ಲ.

ಅಂಗಡಿಯವರು ಹಳೇ ಕ್ರೋಮ್ ತೆಗೆದು, ರಾಡನ್ನು ಗ್ರೈಂಡ್ ಮಾಡಿ, ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ಕ್ರೋಮ್ ಕೂರಿಸಿ, ಮತ್ತೆ ಗ್ರೈಂಡ್ ಮಾಡಿ ಸೈಜಿಗೆ ತರಬೇಕು. ಕೊನೆಯ ಗ್ರೈಂಡಿಂಗ್ ಬಿಟ್ಟು ಬರೀ ಪಾಲಿಶ್ ಮಾಡಿ ಕೊಡುವವರ ಹತ್ತಿರ ಹೋಗಬೇಡಿ, ಅಂಥ ರಾಡು ಸೀಲನ್ನು ತಿಂದುಹಾಕುತ್ತದೆ. ಕ್ರೋಮ್ ಕೂರುವುದು ನಿಧಾನ, ಗಂಟೆಗೆ ಸುಮಾರು 25 ಮೈಕ್ರಾನ್. ಹಾಕಿದ ಕರೆಂಟಿನಲ್ಲಿ ನೂರಕ್ಕೆ ಹತ್ತಿಪ್ಪತ್ತು ಪಾಲು ಮಾತ್ರ ಲೋಹ ಕೂರಿಸುತ್ತದೆ, ಉಳಿದದ್ದು ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತದೆ. ಹಾಗಾಗಿ "ಮಧ್ಯಾಹ್ನ ಕೊಡಿ ಸಂಜೆ ಒಯ್ಯಿರಿ" ಅನ್ನುವವರು ಎಷ್ಟು ಹಾಕಿರುತ್ತಾರೆ ಎಂದು ಲೆಕ್ಕ ಹಾಕಿ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ರಾಡುಗಳನ್ನು ಆದಷ್ಟೂ ಒಳಗೆ ಎಳೆದು ನಿಲ್ಲಿಸಿ. ಹಾರ್ಡ್ ಕ್ರೋಮ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳ ಬಲೆಯೇ ಇರುತ್ತದೆ, ಹೊರಗೆ ಚಾಚಿದ ರಾಡಿಗೆ ನೀರು ಅಲ್ಲಿಂದ ಇಳಿಯುತ್ತದೆ.

ಸಿಲಿಂಡರಿನ ಒಳಮೈಗೆ, ವಾಲ್ವಿನ ಸಂದಿಗಳಿಗೆ ಏನು ಮಾಡುವುದು ಎಂದು ಇನ್ನೊಬ್ಬರು ಕೇಳಿದ್ದಾರೆ. ಅಲ್ಲಿಗೆ ಎಲೆಕ್ಟ್ರೋಲೆಸ್ ನಿಕ್ಕಲ್ ಸರಿ. 1946ರಲ್ಲಿ ಅಮೆರಿಕದಲ್ಲಿ ಬ್ರೆನರ್ ಮತ್ತು ರಿಡೆಲ್ ರೂಪಿಸಿದ ವಿಧಾನ. ಕರೆಂಟೇ ಇಲ್ಲ. ಸುಮಾರು 90 ಡಿಗ್ರಿ ಬಿಸಿಯ ದ್ರಾವಣದಲ್ಲಿ ಸೋಡಿಯಂ ಹೈಪೊಫಾಸ್ಫೈಟ್ ಎಂಬ ರಾಸಾಯನಿಕವೇ ನಿಕ್ಕಲನ್ನು ಲೋಹವಾಗಿ ಇಳಿಸುತ್ತದೆ, ಜೊತೆಗೆ ಸ್ವಲ್ಪ ರಂಜಕವೂ ಸೇರುತ್ತದೆ. ದ್ರಾವಣ ಮುಟ್ಟಿದ ಕಡೆಯೆಲ್ಲ, ಮೂಲೆ ತೂತು ಎಳೆ ಎನ್ನದೆ, ಒಂದೇ ದಪ್ಪ. ಆಮೇಲೆ 400 ಡಿಗ್ರಿಯಲ್ಲಿ ಕಾಯಿಸಿದರೆ ಗಡಸುತನ ಹಾರ್ಡ್ ಕ್ರೋಮ್ ಹತ್ತಿರಕ್ಕೇ ಬರುತ್ತದೆ. ದುಬಾರಿ ನಿಜ. ಆದರೆ ಗ್ರೈಂಡಿಂಗ್ ಖರ್ಚು ಉಳಿಯುತ್ತದಲ್ಲ, ಅದನ್ನೂ ಕಳೆದು ನೋಡಿ.

ಒಂದು ಗ್ರಾಂ ಗೋಲ್ಡ್ ಬಳೆ ತಗೊಂಡೆ. ನಿಜವಾಗಲೂ ಒಂದು ಗ್ರಾಂ ಚಿನ್ನ ಇರುತ್ತಾ? ಕಪ್ಪಾಗುವುದು ಯಾಕೆ?
– ಹುಬ್ಬಳ್ಳಿಯ ಓದುಗರು

ಲೆಕ್ಕ ಮಾಡೋಣ. ಬಳೆಯ ಮೈ 40 ಚದರ ಸೆಂಟಿಮೀಟರ್, ಚಿನ್ನ ಅರ್ಧ ಮೈಕ್ರಾನ್ ಎಂದು ಉದಾರವಾಗಿಯೇ ಹಿಡಿದರೂ 40 ಮಿಲಿಗ್ರಾಂ ದಾಟುವುದಿಲ್ಲ. ಒಂದು ಗ್ರಾಮಿನಲ್ಲಿ ಇಂಥ ಇಪ್ಪತ್ತೈದು ಬಳೆ ಆಗುತ್ತವೆ. ನಮ್ಮಜ್ಜಿಯರ ಕಾಲದಲ್ಲಿ ಇದನ್ನೇ ಗಿಲೀಟು ಅನ್ನುತ್ತಿದ್ದರು, ಮುಚ್ಚುಮರೆ ಇರಲಿಲ್ಲ.

ಕಪ್ಪಾಗುವುದು ಚಿನ್ನವಲ್ಲ. ಕೆಳಗಿನ ತಾಮ್ರ ಅಥವಾ ಹಿತ್ತಾಳೆ ಬೆವರಿಗೆ ಸಿಕ್ಕಿ ರಂಧ್ರಗಳಿಂದ ಮೇಲೆ ಬರುತ್ತದೆ. ತಾಮ್ರದ ಪರಮಾಣುಗಳು ಚಿನ್ನದ ಒಳಗೇ ನಿಧಾನ ನುಗ್ಗುವುದೂ ಇದೆ. ನಡುವೆ ನಿಕ್ಕಲ್ ಪದರ ಇದ್ದರೆ ಅದು ತಡೆಗೋಡೆ. ಮೊಬೈಲಿನ ಸಿಮ್ ಕಾರ್ಡಿನ ಚಿನ್ನದ ಚೌಕಗಳ ಕೆಳಗೂ ಇದೇ ನಿಕ್ಕಲ್ ಇರುತ್ತದೆ. ಆದರೆ ಕೆಲವರ ಚರ್ಮಕ್ಕೆ ನಿಕ್ಕಲ್ ಆಗುವುದಿಲ್ಲ. ತುರಿಕೆ, ಕೆಂಪು ಗಂದೆ ಬಂದರೆ ಆ ಒಡವೆ ಬಿಟ್ಟುಬಿಡಿ. ಸೆಂಟು ಹೊಡೆದುಕೊಂಡ ಮೇಲೆ ಬಳೆ ಹಾಕಿ, ಮಲಗುವಾಗ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಬ್ರಷ್, ಹುಣಸೆಹಣ್ಣು ಬೇಡ.

ನಮ್ಮ ಬೋರ್‌ವೆಲ್ ನೀರು ಕೆಲವು ತಿಂಗಳಿಂದ ತಿಳಿ ಹಳದಿ. ಹತ್ತಿರದಲ್ಲಿ ಪ್ಲೇಟಿಂಗ್ ಘಟಕಗಳಿವೆ. ಕುದಿಸಿ ಕುಡಿಯುತ್ತಿದ್ದೇವೆ, ಸಾಕಾ?
– ಬೆಂಗಳೂರಿನ ಓದುಗರು

ಸಾಕಾಗಲ್ಲ. ಇವತ್ತಿನಿಂದಲೇ ಕುಡಿಯುವುದು, ಅಡುಗೆಗೆ ಬಳಸುವುದು ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಹಳದಿಗೆ ಕಬ್ಬಿಣವೂ ಕಾರಣ ಇರಬಹುದು. ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಕೆಳಗೆ ಕೆಂಪು ಗಸಿ ಕೂತರೆ ಅದು ಕಬ್ಬಿಣ ಇರುವ ಸಾಧ್ಯತೆ ಹೆಚ್ಚು. ಗಸಿ ಇಲ್ಲದೆ ನೀರೇ ತಿಳಿಹಳದಿಯಾಗಿ ಉಳಿದರೆ ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಎಂದು ಅನುಮಾನಿಸಬೇಕು. ಎರಡರಲ್ಲೂ ಪ್ರಯೋಗಾಲಯದ ಪರೀಕ್ಷೆಯೇ ಕೊನೆಯ ಮಾತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಕಣ್ಣಿಗೆ ಹಳದಿ ಕಾಣುವಷ್ಟಿದ್ದರೆ ಆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ನೀರು ತಿಳಿಯಾಗಿದೆ ಎಂದು ಪಕ್ಕದ ಮನೆಯವರೂ ಸುಮ್ನೆ ಇರುವಂತಿಲ್ಲ.

ಈ ಆರು ವೇಲೆನ್ಸಿಯ ಕ್ರೋಮಿಯಂ ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿನಲ್ಲಿ, ಇಟ್ಟಿದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ, ಪರೀಕ್ಷಾ ವರದಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗುವುದಕ್ಕಿಂತ ಬೀದಿಯವರೆಲ್ಲ ಸೇರಿ ಹೋಗಿ.

ಸಿಟ್ಟು ಬರುವುದು ಯಾಕೆಂದರೆ ಈ ವಿಷ ತೆಗೆಯುವುದು ರಾಕೆಟ್ ವಿಜ್ಞಾನ ಅಲ್ಲ. ಕೊಳೆನೀರಿನ ಪಿಎಚ್ ಅನ್ನು ಎರಡು ಮೂರಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ಕ್ರೋಮಿಯಂ ಹಸಿರಾಗುತ್ತದೆ, ಅಂದರೆ ಆರರಿಂದ ಮೂರು ವೇಲೆನ್ಸಿಗೆ ಇಳಿಯುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಎಂಟು ಒಂಬತ್ತಕ್ಕೆ ಏರಿಸಿದರೆ ಗಸಿಯಾಗಿ ಕೆಳಗೆ ಕೂರುತ್ತದೆ. ಇಷ್ಟೂ ಮಾಡದೆ ರಾತ್ರಿ ಚರಂಡಿಗೋ ಹಳೇ ಬೋರ್‌ವೆಲ್‌ಗೋ ಬಿಡುವವರು ಪ್ಲೇಟಿಂಗ್ ಅಗ್ಗಕ್ಕೆ ಮಾಡಿಕೊಡುತ್ತಾರೆ. ಅಗ್ಗ ಎಂದು ಅವರ ಹತ್ತಿರ ಜಾಬ್ ಕೊಡುವ ದೊಡ್ಡ ಕಾರ್ಖಾನೆಗಳಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಬೆಳಗಾವಿಯಲ್ಲಿ ಸಣ್ಣ ಜಿಂಕ್–ನಿಕ್ಕಲ್ ಪ್ಲೇಟಿಂಗ್ ಘಟಕ ಶುರು ಮಾಡುವ ಯೋಚನೆ ಇದೆ. ತೊಟ್ಟಿ, ರೆಕ್ಟಿಫೈಯರ್‌ಗೆ ಬಂಡವಾಳ ಹೊಂದಿಸಿದ್ದೇನೆ. ಇನ್ನೇನು ಬೇಕು?

ಮೇಲಿನ ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಅದೇ ಮೊದಲ ಸಲಹೆ. ಎಲೆಕ್ಟ್ರೋಪ್ಲೇಟಿಂಗ್ ಕೆಂಪು ವರ್ಗದ, ಅಂದರೆ ಮಾಲಿನ್ಯ ಹೆಚ್ಚು ಮಾಡುವ ಗುಂಪಿನ ಉದ್ಯಮ. ಕಟ್ಟುವ ಮುಂಚೆ ಒಂದು, ನಡೆಸುವ ಮುಂಚೆ ಒಂದು ಎಂದು ಮಂಡಳಿಯಿಂದ ಎರಡು ಸಮ್ಮತಿ ಬೇಕು. ಮನೆಗಳ ನಡುವಿನ ಶೆಡ್ ಬಾಡಿಗೆಗೆ ಹಿಡಿದು ಆಮೇಲೆ ಅರ್ಜಿ ಹಾಕಿದರೆ ಕೆಲಸ ಆಗುವುದಿಲ್ಲ. ಗಸಿ ಅಪಾಯಕಾರಿ ತ್ಯಾಜ್ಯ. ಅಧಿಕೃತ ಜಾಗಕ್ಕೇ ಕಳಿಸಬೇಕು, ನಮ್ಮಲ್ಲಿ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಸಾಗಣೆ ಖರ್ಚು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ನೀರಿನಲ್ಲಿ ಹಣ ಉಳಿಸುವ ದಾರಿ ಒಂದು ಹೇಳುತ್ತೇನೆ. ತೊಟ್ಟಿಯಿಂದ ಎತ್ತಿದ ಜಾಬಿಗೆ ದ್ರಾವಣ ಅಂಟಿಕೊಂಡೇ ಬರುತ್ತದೆ. ಹಾಗೆ ಬಂದ ಒಂದು ಲೀಟರನ್ನು ಸಾವಿರ ಪಾಲು ತೆಳು ಮಾಡಲು ಒಂದೇ ತೊಟ್ಟಿಯಲ್ಲಿ ತೊಳೆದರೆ ಸಾವಿರ ಲೀಟರ್ ನೀರು ಬೇಕು. ಎರಡು ತೊಟ್ಟಿ ಸಾಲಾಗಿಟ್ಟು, ಶುದ್ಧ ನೀರನ್ನು ಕೊನೆಯದಕ್ಕೆ ಬಿಟ್ಟು ಅಲ್ಲಿಂದ ಹಿಂದಿನದಕ್ಕೆ ಹರಿಸಿದರೆ ಮೂವತ್ತೆರಡು ಲೀಟರ್ ಹತ್ತಿರ ಸಾಕು. ಮೂರು ತೊಟ್ಟಿಯಾದರೆ ಹತ್ತು. ಸಂಸ್ಕರಿಸಬೇಕಾದ ಕೊಳೆನೀರೂ ಅಷ್ಟೇ ಕಡಿಮೆ. ಇದರ ಮುಂದೆ ಇನ್ನೊಂದು ಪ್ಲಾಸ್ಟಿಕ್ ತೊಟ್ಟಿಯ ಬೆಲೆ ಏನೂ ಅಲ್ಲ. ಜಾಬನ್ನು ಎತ್ತಿದ ಕೂಡಲೇ ಓಡಿಸಬೇಡಿ, ತೊಟ್ಟಿಯ ಮೇಲೆ ಹತ್ತು ಸೆಕೆಂಡ್ ಸೋರಲು ಬಿಡಿ. ನಿಮ್ಮ ದುಡ್ಡೇ ಅದು.

ಜಿಂಕ್‌ಗೆ ಸೈನೈಡ್ ದ್ರಾವಣ ಬೇಡ. ಆಸಿಡ್ ಕ್ಲೋರೈಡ್ ಅಥವಾ ಸೈನೈಡ್ ಇಲ್ಲದ ಕ್ಷಾರದ ದ್ರಾವಣಗಳು ಈಗ ಸುಲಭವಾಗಿ ಸಿಗುತ್ತವೆ. ಸೈನೈಡ್ ಇರುವ ಕಡೆ ಗೊತ್ತಿಲ್ಲದೆ ಆಮ್ಲ ಬೆರೆತರೆ ಹುಟ್ಟುವ ಅನಿಲ ಕೆಲವೇ ನಿಮಿಷದಲ್ಲಿ ಜೀವ ತೆಗೆಯುತ್ತದೆ, ಅಂಥ ಸಾವುಗಳು ಆಗಿವೆ. ಪ್ಯಾಸಿವೇಶನ್‌ಗೂ ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣವೇ ಇರಲಿ. ಯುರೋಪಿಗೆ ಮಾಲು ಕಳಿಸುವ ವಾಹನ ಕಂಪನಿಗಳು ಬೇರೆಯದನ್ನು ತೆಗೆದುಕೊಳ್ಳುವುದೂ ಇಲ್ಲ. ತಾಂತ್ರಿಕ ತೊಡಕಿದ್ದರೆ ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಗೆ ಬರೆಯಿರಿ. 1953ರಿಂದ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ.

ದಪ್ಪ ಅಳೆಯುವ ಗೇಜ್ ಇಲ್ಲದೆ ಮಾತ್ರ ಶುರು ಮಾಡಬೇಡಿ. ಗಿರಾಕಿ ಕೇಳುವ ಮೊದಲೇ ಪ್ರತಿ ಲಾಟಿನ ಮೈಕ್ರಾನ್ ಬರೆದು ಕೊಡಿ, ಬೇರೆಯವರಿಗಿಂತ ರೇಟು ಸ್ವಲ್ಪ ಜಾಸ್ತಿ ಕೇಳಲು ಧೈರ್ಯ ಬರುತ್ತದೆ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದೂ ಪ್ಲೇಟಿಂಗೇನಾ? – ಸಾಗರ

ಕರೆಂಟ್ ಇಲ್ಲ, ಆದರೆ ಕೆಲಸ ಅದೇ. ನವಸಾಗರ ಹಾಕಿ ಮೈ ಶುಚಿ ಮಾಡಿ, 232 ಡಿಗ್ರಿಗೆ ಕರಗುವ ತವರವನ್ನು ಬಟ್ಟೆಯಿಂದ ಸವರುತ್ತಾರೆ. ಹುಳಿ ತಗುಲಿ ಕಿಲುಬು ಬರದಂತೆ ಅದು ಕಾಯುತ್ತದೆ. ಶುದ್ಧ ತವರವೇ ಇರಲಿ, ಸೀಸ ಬೆರೆತಿದ್ದು ಬೇಡ. ಒಗ್ಗರಣೆಗೆ ಖಾಲಿ ಪಾತ್ರೆ ಉರಿಯ ಮೇಲಿಟ್ಟರೆ ಕಲಾಯಿ ಕರಗುತ್ತದೆ.

ಹಾರ್ಡ್ ಅನೊಡೈಸ್ಡ್ ಕುಕ್ಕರ್‌ನ ಕಪ್ಪು ಪದರ ಏಳುತ್ತಾ? ಹೊಟ್ಟೆಗೆ ಹೋದರೆ? – ತುಮಕೂರು

ಅದು ಮೇಲಿಂದ ಹಾಕಿದ ಲೇಪನ ಅಲ್ಲ, ಅಲ್ಯೂಮಿನಿಯಮ್ಮಿನ ಮೈಯನ್ನೇ ಆಮ್ಲದಲ್ಲಿ ಕರೆಂಟ್ ಹರಿಸಿ ಆಕ್ಸೈಡ್ ಮಾಡಿರುವುದು. ಸಿಪ್ಪೆಯಾಗಿ ಏಳುವುದಿಲ್ಲ. ಸೋಡಾ, ಡಿಶ್‌ವಾಶರ್ ಪುಡಿಯಂಥ ಕ್ಷಾರಕ್ಕೆ ಮಾತ್ರ ಸೋಲುತ್ತದೆ, ಬೂದು ಕಲೆ ಬೀಳುತ್ತದೆ. ಮಾಮೂಲಿ ಪಾತ್ರೆ ಸೋಪಿನಲ್ಲಿ ಕೈಯಲ್ಲೇ ತೊಳೆಯಿರಿ.